ಏನೂ ತೊಂದರೆ ಇಲ್ಲ

ಮೂರನೆಯ ಗುಂಡಿಯ ಹತ್ತಿರ ಬಂದಾಗ ಅವನ ಬೆರಳುಗಳು ಮತ್ತೆ ನಿಂತವು. ಹನ್ನೊಂದು ದಿನಗಳಿಂದ ಹೀಗೇ ಆಗುತ್ತಿತ್ತು. ಬೆರಳುಗಳಿಗೇನೂ ಆಗಿರಲಿಲ್ಲ. ಆದರೆ ಹೆಬ್ಬೆರಳು ಗುಂಡಿಯನ್ನು ಹೇಗೆ ಓರೆ ಮಾಡುತ್ತದೆ, ತೋರುಬೆರಳು ಕಾಜದ ಬಾಯನ್ನು ಹೇಗೆ ಅಗಲಿಸುತ್ತದೆ ಎಂದು ಒಮ್ಮೆ ನೋಡಲು ಶುರುಮಾಡಿದ ಮೇಲೆ, ನಲವತ್ತು ವರ್ಷ ತಾನಾಗಿ ನಡೆದ ಕೆಲಸ ಈಗ ಅವನ ಅಪ್ಪಣೆಗೆ ಕಾಯುತ್ತ ನಿಂತಿತ್ತು. ಕನ್ನಡಿಯೊಳಗೆ ಹೆಂಡತಿ ಕಾಣಿಸಿಕೊಂಡಳು. "ರೀ, ಮದುವೆ ದಿನಾನೂ ಇಷ್ಟು ಹೊತ್ತು ಕನ್ನಡಿ ಮುಂದೆ ನಿಂತವರಲ್ಲ ನೀವು. ಏನಾಗಿದೆ?" "ಏನೂ ಇಲ್ಲ," ಎಂದ. ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಜಾರಿತು ಎಂದು ಅವನಿಗೇ ಗಾಬರಿಯಾಯಿತು. ಅವಳು ಮುಂದೆ ಬಂದು ಉಳಿದ ಗುಂಡಿಗಳನ್ನು ಟಕಟಕನೆ ಹಾಕಿ, ಕಾಲರ್ ಎಳೆದು ಸರಿಮಾಡಿ, "ಇವತ್ತು ಮೀಟಿಂಗ್ ಅಲ್ವಾ, ಅದಕ್ಕೇ ಹೀಗೆ. ಆ ಮೇಜಿನ ಹತ್ರ ಕೂಡೋರು ಬೇರೆ, ಹೆದರೋರು ನೀವು," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಕೈಗಳನ್ನೇ ನೋಡುತ್ತ ಹೋದ. ಹೊಸ ಮದ್ದೊಂದು ಬಂದಾಗ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿಗೆ ಲೆಕ್ಕ ಮಾಡಿಕೊಡುವುದು ಅವನ ಕೆಲಸ. ಈ ಮದ್ದಿನಿಂದ ಒಬ್ಬ ಮನುಷ್ಯನಿಗೆ ಎಷ್ಟು ವರ್ಷ ಸಿಗುತ್ತದೆ, ಆ ವರ್ಷಗಳು ಎಷ್ಟು ನೆಟ್ಟಗಿರುತ್ತವೆ, ಅದಕ್ಕೆ ಎಷ್ಟು ತೆರಬೇಕು. ಕೊನೆಗೆ ಬರುವುದು ಒಂದೇ ಒಂದು ಅಂಕಿ, ನೆಟ್ಟಗಿನ ಒಂದು ವರ್ಷಕ್ಕೆ ಬೀಳುವ ಬೆಲೆ. ಅದು ಸರ್ಕಾರ ಎಳೆದ ಗೆರೆಗಿಂತ ಕೆಳಗಿದ್ದರೆ ಮದ್ದು ಒಳಗೆ, ಮೇಲಿದ್ದರೆ ಹೊರಗೆ. ಆ ಅಂಕಿಯನ್ನು ಅವನು ಯಾವಾಗಲೂ ಮೂರು ದಶಮಾಂಶದವರೆಗೆ ಬರೆಯುತ್ತಿದ್ದುದರಿಂದ ಕಚೇರಿಯಲ್ಲಿ ಅವನಿಗೆ ದಶಮಾಂಶ ಎಂದೇ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ. ಅವನೂ ಓಗೊಡುತ್ತಿದ್ದ. ಇವತ್ತಿನ ಮದ್ದು ಒಂದು ಚುಚ್ಚುಮದ್ದು. ನರಗಳು ಬೆರಳ ತುದಿಯಿಂದ ಸೊರಗುತ್ತ ಬರುವ ಒಂದು ಕಾಯಿಲೆಗೆ ಮೂರು ತಿಂಗಳಿಗೊಮ್ಮೆ ಕೊಡುವಂಥದ್ದು. ಹೋದದ್ದನ್ನು ಅದು ತಂದುಕೊಡುವುದಿಲ್ಲ, ಹೋಗುವುದನ್ನು ನಿಧಾನ ಮಾಡುತ್ತದೆ. ಅಂಕಿ ಗೆರೆಗಿಂತ ಮೇಲಿತ್ತು, ಕೂದಲೆಳೆಯಷ್ಟು ಮೇಲೆ. ಮತ್ತು ಆ ಕೂದಲೆಳೆ ಯಾರದು ಎಂದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ಅವನ ನಿರ್ದೇಶಕಿಗೆ.

ಹೋದ ತಿಂಗಳು ಅವನು ಸಮೀಕ್ಷೆಗೆ ಹೋಗಿದ್ದ ಹೊಲಿಗೆ ಟೀಚರ್ ಒಬ್ಬರ ಮನೆ ಮೂರನೆಯ ಮಹಡಿಯಲ್ಲಿತ್ತು. ಸಮೀಕ್ಷೆಗೆ ಸಿಕ್ಕಿದ್ದ ಹತ್ತೊಂಬತ್ತು ರೋಗಿಗಳಲ್ಲಿ ಅವರೇ ಕೊನೆಯವರು. ಕಾಯಿಲೆ ಶುರುವಾಗಿ ಎಂಟು ವರ್ಷ ದಾಟಿದವರು ಆ ಹತ್ತೊಂಬತ್ತರಲ್ಲಿ ನಾಲ್ಕೇ ಜನ, ಅವರಲ್ಲೂ ಇವರೊಬ್ಬರು. ಬಾಗಿಲು ತೆರೆದವಳು ಮಗಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಟೀಚರ್ ನೆಟ್ಟಗೆ ಕೂತಿದ್ದರು, ತಲೆ ನೀಟಾಗಿ ಬಾಚಿ, ಕೈಗಳೆರಡನ್ನೂ ಶಾಲಿನ ಕೆಳಗಿಟ್ಟು. "ಬನ್ನಿ ಸರ್, ಮೆಟ್ಟಿಲು ಹತ್ತಿಸಿಬಿಟ್ವಿ ನಿಮಗೆ," ಎಂದರು. ಮಗಳು ಚಹಾ ತಂದಳು, ಎರಡು ಲೋಟ. ಟೀಚರ್ ಎದುರಿನ ಲೋಟ ಇಟ್ಟಲ್ಲೇ ಇತ್ತು, ಮೇಲೆ ಕೆನೆ ಕಟ್ಟುವವರೆಗೂ. ಅವನು ಅದನ್ನು ನೋಡಿದ. ಸ್ವೆಟರಿನ ಗುಂಡಿಗಳು ಒಂದೊಂದು ಮನೆ ತಪ್ಪಿ, ಯಾರೋ ಅವಸರದಲ್ಲಿ ಹಾಕಿದಂತೆ ಇದ್ದದ್ದನ್ನೂ ನೋಡಿದ. ಹೊಲಿಗೆ ಕಲಿಸಿದವರ ಮೈಮೇಲೆ ಅದು ಎದ್ದು ಕಾಣುತ್ತಿತ್ತು. ಐದು ಪ್ರಶ್ನೆಗಳು: ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಚಿಂತೆ. ಒಂದೊಂದಕ್ಕೂ ಐದು ಚೌಕ. ಮೊದಲನೆಯದು 'ಏನೂ ತೊಂದರೆ ಇಲ್ಲ', ಐದನೆಯದು 'ಸಾಧ್ಯವೇ ಇಲ್ಲ'. ಎರಡನೆಯ ಪ್ರಶ್ನೆ ಓದಿದ. "ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಊಟ, ಇವುಗಳನ್ನ ನೀವೇ ಮಾಡ್ಕೊಳ್ಳೋಕೆ ತೊಂದರೆ ಇದೆಯಾ?" "ಇಲ್ಲಪ್ಪ. ಏನೂ ತೊಂದರೆ ಇಲ್ಲ." ಬಾಗಿಲ ಬಳಿ ನಿಂತಿದ್ದ ಮಗಳು ಬಾಯಿ ತೆರೆದಳು. ಟೀಚರ್ ಕತ್ತು ಹೊರಳಿಸಲಿಲ್ಲ, ಕಣ್ಣು ಮಾತ್ರ ಹೊರಳಿಸಿದರು. ಇಡೀ ತರಗತಿಯನ್ನು ಸುಮ್ಮನಾಗಿಸಿದ್ದ ಕಣ್ಣು ಅದು. ಮಗಳು ಬಾಯಿ ಮುಚ್ಚಿ ಒಳಗೆ ಹೋದಳು. ಉತ್ತರಿಸುವವರ ಮಾತೇ ಅಂತಿಮ ಎಂದು ಕೈಪಿಡಿಯಲ್ಲಿತ್ತು. ಅವನು ಮೊದಲ ಚೌಕಕ್ಕೆ ಗುರುತು ಹಾಕಿದ. ಕೆಳಗೆ 'ಷರಾ' ಎಂದು ನಾಲ್ಕು ಗೆರೆ ಖಾಲಿ ಇತ್ತು. ಕಂಡದ್ದೇನಾದರೂ ಇದ್ದರೆ ಅಲ್ಲಿ ಬರೆಯಬಹುದಿತ್ತು. ಒಂದೂವರೆಯಾಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಎರಡರ ಬಸ್ಸು ತಪ್ಪಿದರೆ ಮೂರರವರೆಗೆ ಬೇರೆ ಇರಲಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿದ.

ಕಾಯಿಲೆ ಬಲಿತವರಿಗೂ ಬದುಕು ಅಂಥದ್ದೇನೂ ಕೆಟ್ಟಿಲ್ಲ ಎಂದಾದರೆ, ಮದ್ದು ತಡೆಯುವುದೂ ಅಂಥದ್ದೇನಲ್ಲ. ಲೆಕ್ಕಕ್ಕೆ ಕಣ್ಣಿಲ್ಲ, ಚೌಕ ಮಾತ್ರ ಕಾಣುತ್ತದೆ. ಹನ್ನೊಂದು ದಿನದ ಹಿಂದೆ, ಎಲ್ಲರೂ ಊಟಕ್ಕೆ ಎದ್ದು ಹೋದ ಹೊತ್ತಿನಲ್ಲಿ, ಕಂಪ್ಯೂಟರಿನಲ್ಲಿ ಟೀಚರ್ ಸಾಲಿನ ಎರಡನೆಯ ಉತ್ತರದ '1' ಅಳಿಸಿ '5' ಮಾಡಿದ. ಅಂಕಿ ಗೆರೆಯ ಕೆಳಗೆ ಜಾರಿತು. ಮತ್ತೆ ಒಂದು ಮಾಡಿದ, ಮೇಲೆ ಹತ್ತಿತು. ಐದು, ಒಂದು, ಐದು. ದೀಪದ ಗುಂಡಿ ಒತ್ತಿ ಒತ್ತಿ ಆಡುವ ಮಗುವಿನಂತೆ ಎಷ್ಟೋ ಸಲ ಮಾಡಿದ. ಕೊನೆಗೆ ಹಾಳೆ ಹಿಡಿದು ನಿರ್ದೇಶಕಿಯ ಕೋಣೆಗೆ ಹೋದ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಒಬ್ಬರದ್ದು ನೀವು ತಿದ್ದಿದ್ರೆ ಉಳಿದ ಹದಿನೆಂಟು ಯಾರು ತಿದ್ದಬೇಕು?" ಎಂದರು. "ಹಾಗಲ್ಲ ಮೇಡಂ, ಅವರು ಚಹಾನೂ ಮುಟ್ಟಲಿಲ್ಲ, ನಾನು ಕಣ್ಣಾರೆ..." "ಕಣ್ಣಾರೆ ಕಂಡಿದ್ರೆ ಅವತ್ತೇ ಬರೀಬೇಕಿತ್ತು. ಈಗ ಫಲಿತಾಂಶ ನೋಡಿ ಆಮೇಲೆ ನೆನಪು ಮಾಡ್ಕೊಂಡ್ರೆ ಅದನ್ನ ಏನಂತಾರೆ, ನೀವೇ ಹೇಳಿ." ಅವನು ಹಾಳೆಯನ್ನು ಎರಡಾಗಿ ಮಡಿಚಿದ. "ನೋಡಿ, ಇದಕ್ಕೆ ಹೂಂ ಅಂದ್ರೆ, ಸರದಿಯಲ್ಲಿರೋ ಇನ್ನೊಂದಕ್ಕೆ ಊಹೂಂ ಅನ್ನಬೇಕು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಉಸಿರಾಟದ ಯಂತ್ರ ಕಾದು ಕೂತಿದೆ. ಆ ಕೂಸುಗಳು ಯಾವುದೂ ಈ ಕೋಣೆಗೆ ಬಂದು ನಿಮ್ಮೆದುರು ಚಹಾ ಆರಿಸ್ಕೊಂಡು ಕೂರಲ್ಲ." ಅವರ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ತನ್ನ ಕುರ್ಚಿಗೆ ವಾಪಸು ಬಂದ. ತಪ್ಪು ಸಿಗಲಿಲ್ಲ. ಅದೇ ಅವನನ್ನು ಕಂಗೆಡಿಸಿದ್ದು. ಕೆಟ್ಟವರು ಯಾರಾದರೂ ಇದ್ದಿದ್ದರೆ ಈ ಗೋಡೆಗಳ ನಡುವೆ ಒಂದು ಬಾಗಿಲಾದರೂ ಇರುತ್ತಿತ್ತು.

ಅವನ ಅಪ್ಪನೂ ಟೀಚರ್ ಹಾಗೇ. ಕೊನೆಯ ತಿಂಗಳು, ಪ್ರತಿ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಇವನು ಹೊಸಿಲಲ್ಲಿ ನಿಂತು, "ಹೇಗಿದ್ದೀರಪ್ಪ?" ಎನ್ನುತ್ತಿದ್ದ. "ಚೆನ್ನಾಗಿದ್ದೀನಿ, ನೀನು ಹೊರಡು." ಮಂಚದ ಅಂಚನ್ನು ಹಿಡಿದ ಅಪ್ಪನ ಬೆರಳ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು. ಹೊಸಿಲಿನಿಂದ ಅದು ಕಾಣುತ್ತಿತ್ತು. ಹೊಸಿಲು ದಾಟಿ ಒಳಗೆ ಹೋಗಿದ್ದರೆ ಇನ್ನೂ ಏನೇನೋ ಕಾಣುತ್ತಿತ್ತು, ಆದ್ದರಿಂದಲೇ ದಾಟುತ್ತಿರಲಿಲ್ಲ. 'ಹೊರಡು' ಎಂಬ ಮಾತಿಗಾಗಿಯೇ ಕಾದು, ಅದು ಬಿದ್ದ ತಕ್ಷಣ ಚಪ್ಪಲಿ ಮೆಟ್ಟುತ್ತಿದ್ದ. ಅದು ಕೇಳಿದ್ದಲ್ಲ, ಅನುಮತಿ ಪಡೆದದ್ದು. ಬಸ್ಸು ಕಚೇರಿಯ ಮುಂದೆ ನಿಂತಾಗ ಹಿಂದಿನವನು, "ಇಳೀರಿ ಸಾರ್, ಏನ್ ಕನಸು ಕಾಣ್ತಾ ಇದ್ದೀರಾ?" ಎಂದು ಬೆನ್ನಿಗೆ ಕೈ ಹಚ್ಚಿ ದೂಡಿದ.

ಸಭೆಯ ಕೋಣೆಯಲ್ಲಿ ಉದ್ದದ ಮೇಜು, ಮೇಜಿಗೆ ಹನ್ನೆರಡು ಕುರ್ಚಿ, ಗೋಡೆಗೆ ತಾಗಿ ಇನ್ನೊಂದು ಸಾಲು. ಲೆಕ್ಕದವರು ಗೋಡೆಯ ಸಾಲಿನವರು. ಅವರೆದುರು ಮೈಕೂ ಇಲ್ಲ, ನೀರಿನ ಬಾಟಲಿಯೂ ಇಲ್ಲ. ಅಧ್ಯಕ್ಷರು ನಿವೃತ್ತ ಶಸ್ತ್ರವೈದ್ಯರು, ಮೆತ್ತಗಿನ ಮಾತಿನವರು. ರೋಗಿಗಳ ಪರವಾಗಿ ಒಬ್ಬರು ಹತ್ತು ನಿಮಿಷ ಮಾತಾಡುವುದು ನಿಯಮ. ಬಾಗಿಲು ತೆರೆದಾಗ ಮಗಳ ತೋಳಿಗೆ ಆತುಕೊಂಡು ಒಳಗೆ ಬಂದವರು ಹೊಲಿಗೆ ಟೀಚರ್. ಅವರೇ ಬರುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಮಡಿಲಲ್ಲಿದ್ದ ಕಡತವನ್ನು ಮುಖದವರೆಗೆ ಎತ್ತಿ, ನಾಚಿಕೆಯಾಗಿ ಕೆಳಗಿಳಿಸಿದ.

"ನಾನು ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದವಳು," ಎಂದು ಟೀಚರ್ ಶುರುಮಾಡಿದರು. "ಸೂಜಿಗೆ ದಾರ ಪೋಣಿಸೋದು ಕಣ್ಣಿನ ಕೆಲಸ ಅಂದ್ಕೊಳ್ತಾರೆ ಮಕ್ಕಳು. ಅಲ್ಲ, ಅದು ಬೆರಳಿನ ಕೆಲಸ. ಕಣ್ಣು ಹೋದ ಮೇಲೂ ಪೋಣಿಸೋರನ್ನ ನೋಡಿದ್ದೀನಿ. ಬೆರಳು ಹೋದ ಮೇಲೆ ಪೋಣಿಸೋರನ್ನ ನೋಡಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನಮ್ಮ ಕಾಯಿಲೆಯವರಿಗೆ ಅದು ಗಾದೆ ಅಲ್ಲ, ದಿನಾ ಮಧ್ಯಾಹ್ನದ ಊಟ." ಮೇಜಿನ ಸುತ್ತ ಕೆಲವರು ನಕ್ಕರು, ನಕ್ಕದ್ದಕ್ಕೆ ತಕ್ಷಣ ತಲೆ ತಗ್ಗಿಸಿದರು. ಅಧ್ಯಕ್ಷರು ವರದಿಯ ಹಾಳೆ ತಿರುವಿ, "ಅಮ್ಮಾ, ಬೇಜಾರು ಮಾಡ್ಕೋಬೇಡಿ," ಎಂದರು. "ಎಂಟು ವರ್ಷ ದಾಟಿದವರಲ್ಲೂ, ಸ್ನಾನಕ್ಕೆ ಊಟಕ್ಕೆ ಏನೂ ತೊಂದರೆ ಇಲ್ಲ ಅಂತ ಹೇಳಿದವರಿದ್ದಾರೆ ಇಲ್ಲಿ. ನೀವು ಹೇಳ್ತಿರೋದಕ್ಕೂ ಇದಕ್ಕೂ ಹೊಂದ್ತಾ ಇಲ್ಲವಲ್ಲ?" ಟೀಚರ್ ಕಣ್ಣು ಗೋಡೆಯ ಸಾಲಿನ ಮೇಲೆ ಒಂದೊಂದೇ ಮುಖ ದಾಟುತ್ತ ಬಂದು ಅವನ ಮೇಲೆ ನಿಂತಿತು. "ಹಾಗಂದವಳು ನಾನೇ ಇರಬೇಕು. ಸುಳ್ಳು ಹೇಳ್ದೆ ಸರ್. ಮಗಳು ನನಗೆ ಸ್ನಾನ ಮಾಡಿಸ್ತಾಳೆ, ಬಚ್ಚಲಿಗೆ ಕರ್ಕೊಂಡು ಹೋಗ್ತಾಳೆ ಅಂತ, ಮನೆಗೆ ಬಂದ ಪರಗಂಡಸಿನ ಹತ್ರ ಹೇಗೆ ಹೇಳೋದು? ಅದಕ್ಕೆ ಇಷ್ಟು ಬೆಲೆ ಇದೆ ಅಂತ ನನಗೆ ಗೊತ್ತಿರಲಿಲ್ಲ."

"ಯಾರು ಹೋಗಿದ್ದಿದ್ದು ಸಮೀಕ್ಷೆಗೆ?" ಎಂದರು ಅಧ್ಯಕ್ಷರು. ನಿರ್ದೇಶಕಿ ಕತ್ತು ತಿರುಗಿಸಲಿಲ್ಲ. ಅವನು ಎದ್ದು ನಿಂತ, ಕಡತ ಜಾರಿ ಹಾಳೆಗಳು ನೆಲಕ್ಕೆ ಬಿದ್ದವು. "ನಾನು." "ಜೋರಾಗಿ ಹೇಳಿ." "ನಾನು, ಸರ್." "ಇವರು ಹೀಗಂದಾಗ, ನೀವು ಬೇರೆ ಏನಾದ್ರೂ ಗಮನಿಸಿದ್ರಾ?" ಇಲ್ಲ ಎಂದರೆ ಸಾಕಿತ್ತು. ಇಲ್ಲ ಎಂದರೆ ಕೈಪಿಡಿ ಅವನ ಜೊತೆಗಿತ್ತು, ನಿರ್ದೇಶಕಿ ಜೊತೆಗಿದ್ದರು, ಕಾಣದ ಕೂಸುಗಳು ಜೊತೆಗಿದ್ದವು. "ಗಮನಿಸಿದೆ," ಎಂದ. "ಅವರು ಚಹಾ ಮುಟ್ಟಲಿಲ್ಲ. ಕೈ ಶಾಲಿನೊಳಗೇ ಇತ್ತು. ಸ್ವೆಟರಿನ ಗುಂಡಿ ಬೇರೆಯವರು ಹಾಕಿದ್ದು." "ಮತ್ತೆ ಷರಾದಲ್ಲಿ ಯಾಕೆ ಬರೀಲಿಲ್ಲ?" ಹನ್ನೊಂದು ದಿನಗಳಿಂದ ಈ ಪ್ರಶ್ನೆಗೆ ಎಷ್ಟೋ ಉತ್ತರ ಕಟ್ಟಿಕೊಂಡಿದ್ದ. ಒಂದೂ ಬಾಯಿಗೆ ಬರಲಿಲ್ಲ. "ಊಟದ ಹೊತ್ತಾಗಿತ್ತು, ಸರ್." ಮೇಜಿನ ತುದಿಯಲ್ಲಿ ಹಣಕಾಸಿನ ಅಧಿಕಾರಿ ಪಕಪಕನೆ ನಕ್ಕುಬಿಟ್ಟ. ಅವನು ಬಗ್ಗಿ ಹಾಳೆಗಳನ್ನು ಆರಿಸತೊಡಗಿದ. ಒಂದು ಹಾಳೆ ಟೀಚರ್ ಕಾಲ ಬಳಿ ಬಿದ್ದಿತ್ತು. ಮಗಳು ಅದನ್ನು ಎತ್ತಿಕೊಡಲಿಲ್ಲ.

ಸತ್ಯ ಹೇಳಿದರೆ ಏನೋ ಬಿಡುಗಡೆಯಾಗುತ್ತದೆ ಎಂದುಕೊಂಡಿದ್ದ. ಸಮಿತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಒಂದು ಉತ್ತರ ಸುಳ್ಳಾದರೆ ಹತ್ತೊಂಬತ್ತೂ ಅನುಮಾನ ಎಂದು ಇಡೀ ಸಮೀಕ್ಷೆಯನ್ನು ಬದಿಗಿಟ್ಟು, ಹೊಸದಾಗಿ ಮಾಡಿಕೊಂಡು ಮುಂದಿನ ಸಭೆಗೆ ತರಬೇಕೆಂದಿತು. ಮುಂದಿನ ಸಭೆ ಆರು ತಿಂಗಳಿಗೆ. ಕಾಯಿಲೆಗೆ ಸಭೆ ಇರಲಿಲ್ಲ, ಅದು ದಿನಾ ಕೆಲಸ ಮಾಡುತ್ತಿತ್ತು. "ನೀವೇ ಹೋಗಿ," ಎಂದರು ನಿರ್ದೇಶಕಿ, "ಊಟ ಮಾಡ್ಕೊಂಡು ಹೋಗಿ." ಮಾರನೆಯ ದಿನದಿಂದ ಕಚೇರಿಯಲ್ಲಿ ದಶಮಾಂಶ ಎನ್ನುವವರು ಕಡಿಮೆಯಾದರು. ಅವನು ಹಾದುಹೋದಾಗ ಯಾರಾದರೊಬ್ಬರು ಗಡಿಯಾರ ನೋಡಿಕೊಂಡು, "ಅಯ್ಯೋ, ಊಟದ ಹೊತ್ತಾಯ್ತಲ್ಲಪ್ಪ," ಎನ್ನುತ್ತಿದ್ದರು. ಹದಿನೆಂಟು ಮನೆಗಳಿಗೆ ಮತ್ತೆ ಹೋದ. ಈ ಸಲ ಬಹಳ ಜನ ಬೇರೆ ಉತ್ತರ ಕೊಟ್ಟರು, ಹೊಸ ರೋಗಿಗಳೂ ಹಳಬರೂ, ಆದ್ದರಿಂದ ಅಂಕಿ ಗೆರೆಯ ಹತ್ತಿರವೇ ಉಳಿಯಿತು. ಕೆಲವರು ಅತ್ತರು. ಇಪ್ಪತ್ತಾರು ವರ್ಷದ ಒಬ್ಬಳು, ಇನ್ನೂ ಬಲಗೈ ಆಡುತ್ತಿದ್ದವಳು, ತಾನೇ ಚಹಾ ಮಾಡಿ ತಂದು ಅವನೆದುರಿಗಿಟ್ಟು, "ಇದನ್ನ ಬರ್ಕೊಳ್ಳಿ, ಚೆಲ್ಲಲಿಲ್ಲ," ಎಂದಳು. ಟೀಚರ್ ಮನೆಯನ್ನು ಮತ್ತೆ ಕೊನೆಗೇ ಉಳಿಸಿಕೊಂಡ. ಹೊರಡುವ ಹಿಂದಿನ ದಿನ ನಿರ್ದೇಶಕಿ ಕರೆದು ಒಂದು ಹಾಳೆ ತೋರಿಸಿದರು. ಮದ್ದು ಒಪ್ಪಿಗೆಯಾದರೆ ಜೊತೆಗೆ ಒಂದು ಷರತ್ತಿರುತ್ತದೆ, ಅಧ್ಯಕ್ಷರೂ ಒಪ್ಪಿಯಾಗಿದೆ: ಹೋದದ್ದನ್ನು ಈ ಮದ್ದು ತರುವುದಿಲ್ಲವಾದ್ದರಿಂದ, ಎರಡನೆಯ ಪ್ರಶ್ನೆಗೆ 'ಸಾಧ್ಯವೇ ಇಲ್ಲ' ಎಂದವರಿಗೆ ಕೊಡತಕ್ಕದ್ದಲ್ಲ. ಮದ್ದು ಪಡೆಯುವವರ ಮೊದಲ ಪಟ್ಟಿಯನ್ನು ಇದೇ ಫಾರಂಗಳಿಂದ ತೆಗೆಯುವುದು. "ನ್ಯಾಯವಾಗೇ ಇದೆ ಅಲ್ವಾ?" ಎಂದರು. ನ್ಯಾಯವಾಗೇ ಇತ್ತು.

ಮೂರು ಮಹಡಿ ಹತ್ತಿದ. ಟೀಚರ್ ಅದೇ ಕುರ್ಚಿಯಲ್ಲಿದ್ದರು. ಈ ಸಲ ಶಾಲಿರಲಿಲ್ಲ. ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು, ಯಾರೋ ಮರೆತುಹೋದ ಕೈಗವಸುಗಳಂತೆ. "ಕೇಳಿ ಸರ್," ಎಂದರು, "ಈ ಸಲ ಮುಚ್ಚುಮರೆ ಇಲ್ಲ." ಮೊದಲ ಪ್ರಶ್ನೆ ಮುಗಿಯಿತು. ಎರಡನೆಯದನ್ನು ಓದಿದ. "ಆಗಲ್ಲ. ಸಾಧ್ಯವೇ ಇಲ್ಲ." ಪೆನ್ನು ಐದನೆಯ ಚೌಕದ ಮೇಲೆ ನಿಂತಿತು. "ಅಂದ್ರೆ, ಸ್ವಲ್ಪ ಸ್ವಲ್ಪ... ಯಾರಾದ್ರೂ ಆಸರೆ ಕೊಟ್ರೆ?" "ಇಲ್ಲ." "ಕೆಲವು ದಿನ ಚೆನ್ನಾಗಿರುತ್ತಲ್ಲ, ಅಂಥ ದಿನ?" ಟೀಚರ್ ಅವನನ್ನೇ ನೋಡಿದರು. "ಅವತ್ತು ನಾನು ಸುಳ್ಳು ಹೇಳಿದಾಗ ಒಂದೇ ಸಲ ಕೇಳಿದ್ರಿ. ಇವತ್ತು ನಿಜ ಹೇಳ್ತಿದ್ದೀನಿ, ಮೂರು ಸಲ ಕೇಳ್ತೀರಲ್ಲ. ಏನು ವಿಷಯ?"

ಅವನು ಹೇಳಿಬಿಟ್ಟ. ಷರತ್ತನ್ನು, ಪಟ್ಟಿಯನ್ನು, ಎಲ್ಲವನ್ನೂ. ಹೇಳಬಾರದು ಎಂಬ ನಿಯಮವಿತ್ತು. ಹೇಳುತ್ತಿದ್ದ ಹಾಗೆ ಎದೆ ಹಗುರವಾಗುತ್ತ ಬಂತು. ಆ ಹಗುರವನ್ನು ಅವನು ಗುರುತು ಹಿಡಿದ. ಹೊಸಿಲಲ್ಲಿ ನಿಂತು ಚಪ್ಪಲಿಗಾಗಿ ಕಾಲು ಚಾಚುವಾಗಿನ ಹಗುರ ಅದು. ಇವರ ಒಳ್ಳೆಯದಕ್ಕಾಗಿ ಅವನು ಹೇಳುತ್ತಿರಲಿಲ್ಲ. ತನ್ನ ಹೆಗಲ ಮೇಲಿನದನ್ನು ಕೈಯೆತ್ತಲಾರದ ಒಬ್ಬ ಹೆಂಗಸಿನ ಮಡಿಲಿಗೆ ಇಳಿಸುತ್ತಿದ್ದ. ಮಾತು ಮುಗಿಯುವಷ್ಟರಲ್ಲಿ ಮಗಳು ಅಡುಗೆಮನೆಯಿಂದ ನುಗ್ಗಿ ಬಂದಿದ್ದಳು. "ಹಾಗಾದ್ರೆ ಬದಲಾಯಿಸಿ! ಸ್ವಲ್ಪ ತೊಂದರೆ ಇದೆ ಅಂತ ಬರ್ಕೊಳ್ಳಿ. ಮೊದಲು ಪಟ್ಟಿಗೆ ಹೆಸರು ಸೇರಲಿ, ಮಿಕ್ಕಿದ್ದು ಆಮೇಲೆ. ಅಮ್ಮಾ, ಹೇಳು!" ಟೀಚರ್ ಮಗಳ ಕಡೆ ನೋಡಲಿಲ್ಲ. "ನಾನು ಹಾಗಂದ್ರೆ, ಉಳಿದವರ ಲೆಕ್ಕ ಏನಾಗುತ್ತೆ?" ಅವನು ಫಾರಂ ಮೇಲೆ ಕೈಯಿಟ್ಟ. "ಎಂಟು ವರ್ಷ ದಾಟಿದವರು ನಾಲ್ಕೇ ಜನ ಟೀಚರ್. ಒಂದು ಫಾರಂ ಅಂದ್ರೆ ಕಾಲು ಭಾಗ. ಅಂಕಿ ಮತ್ತೆ ಗೆರೆ ದಾಟಬಹುದು." "ದಾಟುತ್ತಾ, ದಾಟಬಹುದಾ?" "ದಾಟುತ್ತೆ." "ಅಲ್ಲಿಗೆ ನನಗೂ ಇಲ್ಲ, ಯಾರಿಗೂ ಇಲ್ಲ." "ಹೌದು." "ಅಮ್ಮಾ, ಅವರ ಲೆಕ್ಕ ಅವರು ನೋಡ್ಕೊಳ್ತಾರೆ, ನಿನಗ್ಯಾಕೆ!" ಎಂದು ಮಗಳು ಅಳತೊಡಗಿದಳು. ಅವನಿಗೆ ಆ ಇಪ್ಪತ್ತಾರರವಳ ಚೆಲ್ಲದ ಚಹಾ ನೆನಪಾಯಿತು. ಅದನ್ನು ಹೇಳಬೇಕೆನಿಸಿತು. ಹೇಳಿದರೆ ಅದೂ ಒಂದು ಒತ್ತಾಯವೇ ಎಂದು ತುಟಿ ಕಚ್ಚಿದ.

"ನಾನೇನು ದೊಡ್ಡ ತ್ಯಾಗ ಮಾಡ್ತಿದ್ದೀನಿ ಅಂದ್ಕೋಬೇಡಿ," ಎಂದರು ಟೀಚರ್. ದನಿಯಲ್ಲಿ ಸಿಡುಕಿತ್ತು. "ಅಂಥ ಒಳ್ಳೆಯವಳಲ್ಲ ನಾನು. ಇಂಜೆಕ್ಷನ್ ಕೊಡ್ತೀವಿ ಅಂದಿದ್ರೆ ಇವತ್ತೇ ತಗೊಳ್ತಿದ್ದೆ. ಆ ಸಭೇಲಿ ಅಷ್ಟು ಜನರ ಮುಂದೆ ಬಚ್ಚಲಿನ ವಿಷಯ ಬಾಯಿಬಿಟ್ಟು ಹೇಳಿ ಬಂದಿದ್ದೀನಿ. ಅದಾದ ಮೇಲೆ ಮತ್ತೆ 'ಏನೂ ತೊಂದರೆ ಇಲ್ಲ' ಅನ್ನೋಕೆ ನನ್ನ ಕೈಲಾಗಲ್ಲ." ಮಡಿಲಲ್ಲಿದ್ದ ಕೈಗಳನ್ನು ನೋಡಿ, "ಬಾಯಲ್ಲೂ ಆಗಲ್ಲ," ಎಂದರು. "ಹಾಕಿ ಗುರುತು."

ಅವನು ಹಾಕಿದ. ಉಳಿದ ಮೂರು ಪ್ರಶ್ನೆಗಳನ್ನು ಓದಿದ, ಅವರು ಹೇಳಿದರು, ಬರೆದುಕೊಂಡ. ಅಂಕಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕದೆಯೇ ಗೊತ್ತಾಗುತ್ತಿತ್ತು. ಮುಂದಿನ ಸಭೆಯಲ್ಲಿ ಚುಚ್ಚುಮದ್ದು ಒಳಗೆ ಬರುವುದು ಖಚಿತ. ಈ ಮನೆಗೆ ಬಾರದಿರುವುದೂ ಅಷ್ಟೇ ಖಚಿತ. ಹೊಸ ಸಮೀಕ್ಷೆಯ ಫಾರಂಗೆ ರೋಗಿಯ ಒಪ್ಪಿಗೆಯ ಗುರುತು ಬೇಕಿತ್ತು, ಅನುಮಾನಕ್ಕೆ ಎಡೆಯಿರಬಾರದೆಂದು ನಿರ್ದೇಶಕಿ ಸೇರಿಸಿದ್ದು. ಅವನು ಹಾಳೆ ತಿರುಗಿಸಿ ಪೆನ್ನು ಮುಂದೆ ಚಾಚಿದ ಮೇಲೆ, ತಾನು ಮಾಡಿದ್ದೇನೆಂದು ಹೊಳೆದು, ಚಾಚಿದ ಕೈ ಹಾಗೇ ನಿಂತಿತು. ಮಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. "ಅವಳನ್ನ ಕರೀಬೇಡಿ," ಎಂದರು ಟೀಚರ್ ಮೆಲ್ಲಗೆ. "ಮಸಿ ಪ್ಯಾಡ್ ಇದೆಯಾ ನಿಮ್ಮ ಹತ್ರ?" ಚೀಲದಲ್ಲಿತ್ತು. ಮುಚ್ಚಳ ತೆರೆದು ಅವರ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತ. ಬಲಗೈ ಎತ್ತಿಕೊಂಡ. ಅದು ಬೆಚ್ಚಗಿತ್ತು, ತಣ್ಣಗಿರುತ್ತದೆ ಎಂದು ಯಾಕೆ ಅಂದುಕೊಂಡಿದ್ದನೋ. ಹೆಬ್ಬೆರಳನ್ನು ಬಿಡಿಸಿ, ಮಸಿಗೆ ತಾಗಿಸಿ, ಹಾಳೆಯ ಮೇಲೆ ತಂದ. ಮೂವತ್ತೊಂದು ವರ್ಷ ಮಕ್ಕಳ ಹಾಜರಿಗೆ ಸಹಿ ಹಾಕಿದ ಕೈ. ಅವನು ಹಗುರವಾಗಿ ತಾಗಿಸಿ ತೆಗೆಯಲು ಹೋದ.

"ಗಟ್ಟಿಯಾಗಿ ಒತ್ತಿ," ಎಂದರು ಟೀಚರ್. "ನನಗೆ ನೋಯಲ್ಲ."

ಅವನು ಒತ್ತಿದ.